ಟ್ಯಾಲಿನ್, ರಿಗಾ, ವಿಲ್ನಿಯಸ್: ಮೂರೂ ರಾಜಧಾನಿಗಳನ್ನು ಒಂದೇ ವಾರದಲ್ಲಿ ನೋಡಬಹುದೇ?

ಧಾರಾಳವಾಗಿ ನೋಡಬಹುದು. ಇವು ಕ್ರಮವಾಗಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ದೇಶಗಳ ರಾಜಧಾನಿಗಳು. ಒಂದೇ ಷೆಂಗೆನ್ ವೀಸಾ ಸಾಕು, ಮೂರೂ ಕಡೆ ಯೂರೋ ನಡೆಯುತ್ತದೆ. ಒಂದೂರಿನಿಂದ ಮುಂದಿನದಕ್ಕೆ ಬಸ್ಸಿನಲ್ಲಿ ನಾಲ್ಕೈದು ಗಂಟೆ. ಉತ್ತರದ ಟ್ಯಾಲಿನ್‌ನಿಂದ ಹೊರಟು ದಕ್ಷಿಣಕ್ಕೆ ಇಳಿಯಿರಿ.

ಟ್ಯಾಲಿನ್‌ಗೆ ಒಂದೂವರೆ ದಿನ ಸಾಕು. ಕೋಟೆಗೋಡೆ, 1404ರಲ್ಲಿ ಕಟ್ಟಿ ಮುಗಿಸಿದ ಪುರಭವನ, ಅದರೆದುರಿನ ಚೌಕದಲ್ಲೇ 1422ರಷ್ಟು ಹಿಂದೆಯೇ ದಾಖಲೆಯಲ್ಲಿ ಕಾಣಿಸಿಕೊಂಡ ಔಷಧದಂಗಡಿ. ಎಲ್ಲವೂ ಕಾಲ್ನಡಿಗೆಯ ದೂರ.

ರಿಗಾದಲ್ಲಿ ಕತ್ತು ನೋಯುವಷ್ಟು ಮೇಲೆ ನೋಡಬೇಕು. ಆಲ್ಬರ್ಟಾ ಬೀದಿಯ ಮನೆಗಳ ಮುಖಭಾಗದಲ್ಲಿ ಬಾಯಿ ತೆರೆದು ಕಿರುಚುವ ಮುಖಗಳು, ಸಿಂಹಗಳು. ಹಲವನ್ನು ವಿನ್ಯಾಸಗೊಳಿಸಿದ ಮಿಖಾಯಿಲ್ ಐಸೆನ್‌ಸ್ಟೈನ್, ಚಿತ್ರನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೈನ್‌ನ ತಂದೆ. 1930ರಲ್ಲಿ ತೆರೆದ ಕೇಂದ್ರ ಮಾರುಕಟ್ಟೆಯನ್ನಂತೂ ಜರ್ಮನ್ ವಾಯುನೌಕೆಗಳ ಹ್ಯಾಂಗರ್‌ಗಳ ಭಾಗಗಳಿಂದ ಕಟ್ಟಿದ್ದಾರೆ.

ಉಳಿದ ದಿನಗಳನ್ನೆಲ್ಲ ವಿಲ್ನಿಯಸ್‌ಗೆ ಇಡಿ. ಇದು ನನ್ನ ಪಕ್ಷಪಾತವೆಂದೇ ತಿಳಿಯಿರಿ. 1579ರ ವಿಶ್ವವಿದ್ಯಾಲಯದ ಅಂಗಳಗಳು, ಕೆಂಪು ಇಟ್ಟಿಗೆಯ ಸಂತ ಆನ್ ಚರ್ಚ್. ಲಿಥುವೇನಿಯನ್ ಭಾಷೆಯೂ ಕಿವಿಗೆ ಪರಿಚಿತ: ಬೆಂಕಿಗೆ ‘ಉಗ್ನಿಸ್’, ಮಗನಿಗೆ ‘ಸೂನುಸ್’. ನಮ್ಮ ಅಗ್ನಿ, ಸೂನುಗಳ ದೂರದ ನೆಂಟರು! ಬೇಸಿಗೆಯಲ್ಲಿ ಅಲ್ಲಿನ ತಣ್ಣನೆಯ ಗುಲಾಬಿ ಸೂಪ್ ಕುಡಿಯಿರಿ: ಹುಳಿ ಬಂದ ಹಾಲು, ಬೀಟ್‌ರೂಟ್, ಸೌತೆಕಾಯಿ, ಮೇಲೆ ಸಬ್ಬಸಿಗೆ ಸೊಪ್ಪು. ಅದರಲ್ಲಿ ಮೊಟ್ಟೆಯೂ ಇರುತ್ತದೆ, ತಿನ್ನದವರು ಮೊದಲೇ ಹೇಳಬೇಕು.

ಜೂನ್‌ನಲ್ಲಿ ಟ್ಯಾಲಿನ್‌ನಲ್ಲಿ ಹದಿನೆಂಟು ಗಂಟೆ ಹಗಲು, ಡಿಸೆಂಬರ್‌ನಲ್ಲಿ ಬರೀ ಆರು. ಟಿಕೆಟ್ ಕಾಯ್ದಿರಿಸುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.