ಆಯಾಸ ಅಂದರೆ ಸುಸ್ತಲ್ಲ

ನಿಮ್ಮ ತಂಗಿ ಹಾವೇರಿಯಿಂದ ನಮ್ಮ ಮುಳಬಾಗಿಲಿಗೆ ಸೊಸೆಯಾಗಿ ಬಂದಿದ್ದಾಳೆ, ಇಲ್ಲೇ ನರ್ಸಿಂಗ್ ಅಸಿಸ್ಟೆಂಟ್ ಪರೀಕ್ಷೆ ಕಟ್ಟಬೇಕು ಅಂತಿದ್ದಾಳೆ, ಅದಕ್ಕೆ ತೆಲುಗು ಬರಲೇಬೇಕಾ ಅಂತ ಕೇಳಿದ್ದೀರಿ. ಪರೀಕ್ಷೆಗೆ ಬೇಡ. ವಾರ್ಡಿಗೆ ಬೇಕು.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ನರ್ಸ್ ಆಗುವ ಕೋರ್ಸುಗಳಲ್ಲಿ ಎಎನ್‌ಎಂ ಎರಡು ವರ್ಷದ್ದು, ಜಿಎನ್‌ಎಂ ಮೂರು ವರ್ಷದ್ದು. ಇದು ಅವೆರಡೂ ಅಲ್ಲ. ಇದು ಜನರಲ್ ಡ್ಯೂಟಿ ಅಸಿಸ್ಟೆಂಟ್, ಜಿಡಿಎ ಅಂತಾರೆ, ಕೆಲವೇ ತಿಂಗಳ ಕೋರ್ಸು. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಸರ್ಟಿಫಿಕೇಟ್ ಬರುತ್ತದೆ. ಇಂಜೆಕ್ಷನ್ ಚುಚ್ಚುವ ಹಾಗಿಲ್ಲ, ಮಾತ್ರೆ ಬರೆಯುವ ಹಾಗಿಲ್ಲ. ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಊಟ ಮಾಡಿಸುವುದು, ಎದ್ದು ಕೂರಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು, ನಾಡಿ ಉಸಿರು ನೋಡಿ ಸಿಸ್ಟರ್‌ಗೆ ಹೇಳುವುದು. ನಾನೂ ಇದೇ ಕೋರ್ಸು ಮಾಡಿದವಳು, ಊರಲ್ಲಿ ಎಲ್ಲರೂ ನನ್ನನ್ನ ನರ್ಸಮ್ಮ ಅಂತಲೇ ಕರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿದೆ.

ಈಗ ಭಾಷೆ ವಿಷಯ. ನಂಗಲಿ ದಾಟಿದರೆ ಆಂಧ್ರ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಮಾತು ತೆಲುಗು, ಸ್ಕೂಲು ಕನ್ನಡ. ಕೋರ್ಸಿನ ಪುಸ್ತಕದ ಪದಗಳೋ ಪೂರ್ತಿ ಇಂಗ್ಲಿಷು. ಒಂದೇ ಹೊಟ್ಟೆನೋವನ್ನ ಅಜ್ಜಿ ‘ಕಡುಪು ನೊಪ್ಪಿ’ ಅಂತಾಳೆ, ನಾನು ಹೊಟ್ಟೆನೋವು ಅಂತೀನಿ, ಹಾಳೆಯಲ್ಲಿ ಅಬ್ಡಾಮಿನಲ್ ಪೇನ್ ಅಂತ ಬರೀತೀನಿ. ಇದೇನೂ ಕಷ್ಟ ಇಲ್ಲ. ಕಷ್ಟ ಇರುವುದು ಎರಡು ಭಾಷೆಯಲ್ಲೂ ಇರುವ ಪದಗಳಲ್ಲಿ.

ಟ್ರೈನಿಂಗಿನಲ್ಲಿ ನಮ್ಮನ್ನ ಒಂದು ಆಸ್ಪತ್ರೆ ವಾರ್ಡಿಗೆ ಹಾಕಿದ್ದರು. ಆಂಧ್ರದ ಪಲಮನೇರು ಕಡೆಯ ಒಬ್ಬ ಅಜ್ಜಿ ದಾಖಲಾಗಿದ್ದರು. ನನ್ನ ಜೊತೆಗಿದ್ದ ಹುಡುಗಿ ಹಾಸನದ ಕಡೆಯವಳು, ಓದಿನಲ್ಲಿ ನನಗಿಂತ ಚುರುಕು. ಅಜ್ಜಿ ಅವಳ ಕೈ ಹಿಡಿದು ‘ಆಯಾಸಂಗಾ ಉಂದಮ್ಮಾ’ ಅಂದರು. ಇವಳು ಹೋಗಿ ‘ಸಿಸ್ಟರ್, ಅಜ್ಜಿಗೆ ಸುಸ್ತಂತೆ’ ಅಂದಳು. ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ, ಮಲಗಲಿ ಬಿಡು ಅಂತ ಸಿಸ್ಟರ್ ಬೇರೆ ಬೆಡ್ ಕಡೆ ಹೋದರು. ನಾನು ಬಂದು ನೋಡಿದರೆ ಅಜ್ಜಿ ಹೆಗಲು ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದಾರೆ. ಎಣಿಸಿದೆ. ನಿಮಿಷಕ್ಕೆ 32. ದೊಡ್ಡವರಿಗೆ 12ರಿಂದ 20 ಇರಬೇಕು. ಮಂಚದ ತಲೆಕಡೆ ಎತ್ತರ ಮಾಡಿ ಓಡಿದೆ. ಸಿಸ್ಟರ್ ಬಂದು ಆಕ್ಸಿಜನ್ ಹಾಕಿದರು.

ತೆಲುಗಿನವರು ಆಯಾಸಂ ಅಂದರೆ ಹೆಚ್ಚಾಗಿ ಏದುಸಿರು. ನಮ್ಮ ಸುಸ್ತಿಗೆ ಅವರು ಹೇಳುವುದು ನೀರಸಂ. ಕನ್ನಡದಲ್ಲಿ ನೀರಸ ಅಂದರೆ ಬೋರು ಹೊಡೆಸುವುದು! ರೋಗಿ ‘ನೀರಸಂಗಾ ಉಂದಿ’ ಅಂದರೆ ಬೇಜಾರಾಗಿದೆಯಾ ಅಂತ ಟಿವಿ ಹಾಕಿಬಿಡಬೇಡಿ ಅಂತ ನಾನು ಹುಡುಗಿಯರಿಗೆ ಹೇಳುತ್ತಿರುತ್ತೇನೆ. ಆ ಹಾಸನದ ಹುಡುಗಿ ಪಾಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವಳ ತಪ್ಪೇನಿತ್ತು? ಕೇಳಿದ್ದನ್ನೇ ಹೇಳಿದ್ದಳು.

ತಯಾರಿಗೆ ಬರುತ್ತೇನೆ. ಥಿಯರಿ ಒಂದು, ಪ್ರಾಕ್ಟಿಕಲ್ ಒಂದು. ಥಿಯರಿ ಓದಿಕೊಂಡರೆ ಆಗುತ್ತದೆ, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಆಸ್ಪತ್ರೆಯ ಯಾವ ಕಸ ಯಾವ ಬಣ್ಣದ ಚೀಲಕ್ಕೆ ಅನ್ನುವುದರಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಗಾಯಕ್ಕೆ ಅರಿಶಿನ ಹಚ್ಚುತ್ತೇವಲ್ಲ, ಹಾಗೇ ನೆನಪಿಟ್ಟುಕೊಳ್ಳಲಿ: ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು ಹಳದಿಗೆ. ಗ್ಲೌಸು, ಟ್ಯೂಬು ಕೆಂಪಿಗೆ. ಸೂಜಿ ಬಿಳಿ ಡಬ್ಬಕ್ಕೆ. ಗಾಜು ನೀಲಿಗೆ. ಆಸ್ಪತ್ರೆ ಕಸದ 2016ರ ನಿಯಮ ಅದು.

ಪ್ರಾಕ್ಟಿಕಲ್‌ಗೆ ಮನೆಯೇ ವಾರ್ಡು. ನಾನು ನಮ್ಮಜ್ಜಿಯನ್ನ ಮಂಚದ ಮೇಲೆ ಮಲಗಿಸಿ, ತಾತನ ಹಳೇ ಪಂಚೆಯನ್ನ ಡ್ರಾ ಶೀಟ್, ಅಂದರೆ ರೋಗಿಯ ಕೆಳಗೆ ಅಡ್ಡಲಾಗಿ ಹಾಸಿ ಎಳೆಯುವ ಬಟ್ಟೆ, ಮಾಡಿಕೊಂಡು ಮಗ್ಗುಲು ತಿರುಗಿಸುತ್ತಿದ್ದೆ. ‘ನಾಕೇಮಯಿಂದೇ’, ನನಗೇನಾಗಿದೆಯೇ, ಅಂತ ಬೈಯುತ್ತಲೇ ಮಲಗುತ್ತಿದ್ದಳು. ನಿಮ್ಮ ತಂಗಿ ಅತ್ತೆಯನ್ನ ಒಪ್ಪಿಸಿಕೊಳ್ಳಲಿ. ನಾಡಿ ಹಿಡಿಯುವಾಗ ಹೆಬ್ಬೆರಳು ಬೇಡ, ಅದಕ್ಕೇ ಸ್ವಂತ ಮಿಡಿತ ಇರುತ್ತದೆ, ಲೆಕ್ಕ ತಪ್ಪುತ್ತದೆ. ಮೂರು ಬೆರಳು ಇಟ್ಟು ಪೂರ್ತಿ ಒಂದು ನಿಮಿಷ. 60ರಿಂದ 100 ಒಳಗಿದ್ದರೆ ಸರಿ. ಎಣಿಸಿ ಆದ ಮೇಲೂ ಕೈ ಬಿಡಬಾರದು. ನಾಡಿ ನೋಡುತ್ತಿರುವ ಹಾಗೇ ಇದ್ದು, ಎದೆ ಏರಿಳಿಯುವುದನ್ನ ಎಣಿಸಬೇಕು. ಉಸಿರು ಎಣಿಸ್ತೀನಿ ಅಂತ ಮೊದಲೇ ಹೇಳಿದರೆ ಯಾರಾದರೂ ಉಸಿರು ಬದಲಾಯಿಸಿಬಿಡುತ್ತಾರೆ. ನಮ್ಮಜ್ಜಿಯಂತೂ ಬಿಗಿಹಿಡಿದುಬಿಡುತ್ತಿದ್ದಳು.

ಕೈ ತೊಳೆಯುವುದು ಸುಲಭ ಅನಿಸುತ್ತದೆ ಅಲ್ವಾ? ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡು, ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರು, ಎಲ್ಲ ಕ್ರಮವಾಗಿ. ನಮ್ಮ ಬೋರ್‌ವೆಲ್ ನೀರಿಗೆ ಸೋಪು ನೊರೆಯೇ ಬರಲ್ಲ, ಅಷ್ಟು ಗಡಸು. ನೊರೆ ಬರಲಿಲ್ಲ ಅಂತ ಅರ್ಧಕ್ಕೆ ನಿಲ್ಲಿಸಬಾರದು, ನೊರೆಗೆ ಯಾರೂ ಮಾರ್ಕ್ಸ್ ಹಾಕಲ್ಲ. ಮತ್ತೆ, ಉಸಿರು ಎಣಿಸುವುದೊಂದು ಬಿಟ್ಟು, ಏನು ಮಾಡುವ ಮೊದಲೂ ರೋಗಿಗೆ ‘ಅಮ್ಮಾ, ಈಗ ಹೀಗೆ ಮಾಡ್ತೀನಿ’ ಅಂತ ಹೇಳಬೇಕು, ಪರದೆ ಎಳೆಯಬೇಕು. ಕೆಲಸ ಚೆನ್ನಾಗಿ ಮಾಡಿ ಇದನ್ನ ಮರೆತವರು ನಮ್ಮ ಬ್ಯಾಚಿನಲ್ಲೇ ಇದ್ದರು.

ತೆಲುಗು ಓದಲು ಬರೆಯಲು ಕಲಿಯುವ ಗೋಜು ಬೇಡ. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ನೋವು, ವಾಂತಿ, ತಲೆಸುತ್ತು, ಬಾಯಾರಿಕೆ ಇವುಗಳಿಗೆ ಅತ್ತೆ ಏನು ಅಂತಾರೆ ಅಂತ ಕನ್ನಡದಲ್ಲೇ ಬರೆದುಕೊಳ್ಳಲಿ. ಅನುಮಾನ ಬಂದರೆ ರೋಗಿಯ ಮಾತನ್ನ ಅನುವಾದ ಮಾಡದೆ, ಅವರು ಅಂದ ಹಾಗೇ ಸಿಸ್ಟರ್‌ಗೆ ಒಪ್ಪಿಸಲಿ. ನೀವು ಮುಂದಿನ ಸಲ ಬರುವಾಗ ಸೆಕೆಂಡ್ ಮುಳ್ಳಿರುವ ಒಂದು ವಾಚು ತನ್ನಿ. ನಮ್ಮ ಪ್ರಾಕ್ಟಿಕಲ್‌ನಲ್ಲಿ ಮೊಬೈಲು ಹೊರಗೇ ಇಡಿಸಿದ್ದರು, ನಾನು ಪಕ್ಕದವಳ ವಾಚು ಕಟ್ಟಿಕೊಂಡು ಒಳಗೆ ಹೋಗಿದ್ದೆ.