ಬಾಟಲಿ ಮೇಲಿನ 99 ಪರ್ಸೆಂಟ್ ನಂಬಬಹುದಾ?

ಪ್ರಶ್ನೆ: ಬ್ರಷ್ ಮಾಡುವಾಗ ಒಸಡಿಂದ ರಕ್ತ ಬರುತ್ತೆ. ಡೆಂಟಿಸ್ಟ್ ಕೊಟ್ಟ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ನಿಂದ ಹಲ್ಲು ಕಂದಾಯ್ತು, ನಾಲಿಗೆ ರುಚಿನೂ ಕೆಟ್ಟೋಯ್ತು. ಈಗ ಬೇವು, ತುಳಸಿ ಇರೋದು ತಗೊಂಡಿದ್ದೀನಿ, ಬಾಟಲಿ ಮೇಲೆ 'ಲ್ಯಾಬ್ ಟೆಸ್ಟೆಡ್, 99% ಕೀಟಾಣು ನಾಶ' ಅಂತಿದೆ. ನಂಬಬಹುದಾ? ಮನೇಲೇ ಟೆಸ್ಟ್ ಮಾಡೋಕಾಗುತ್ತಾ?

ಉತ್ತರ: ಹಲ್ಲು ಕಂದಾಗೋದು, ರುಚಿ ಕೆಡೋದು ಎರಡೂ ಕ್ಲೋರ್‌ಹೆಕ್ಸಿಡಿನ್‌ನ ಗೊತ್ತಿರೋ ಸೈಡ್ ಎಫೆಕ್ಟೇ, ಕಲೆ ಕ್ಲೀನಿಂಗ್‌ನಲ್ಲಿ ಹೋಗುತ್ತೆ, ಗಾಬರಿ ಬೇಡ.

ಇನ್ನು ಆ 99ರ ವಿಷಯ. ಲ್ಯಾಬಲ್ಲಿ ಸಾಮಾನ್ಯವಾಗಿ ಏನು ಮಾಡ್ತಾರೆ ಅಂದ್ರೆ ಒಂದು ಗಾಜಿನ ತಟ್ಟೆಯಲ್ಲಿ ಹಲ್ಲು ಹುಳುಕು ಮಾಡೋ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾ ಹರಡಿ, ಎಲೆಯ ಸಾರದಲ್ಲಿ ಅದ್ದಿದ ಚಿಕ್ಕ ಪೇಪರ್ ಬಿಲ್ಲೆ ಇಟ್ಟು ಒಂದು ದಿನ ಬಿಡ್ತಾರೆ, ಬಿಲ್ಲೆ ಸುತ್ತ ಬ್ಯಾಕ್ಟೀರಿಯಾ ಬೆಳೀದೇ ಇರೋ ಉಂಗುರ ಕಂಡ್ರೆ ಅದನ್ನ ಸ್ಕೇಲಲ್ಲಿ ಅಳೀತಾರೆ, ಅಷ್ಟೇ. ಬೇರೆ ಕೆಲವು ಟೆಸ್ಟಲ್ಲಿ ದ್ರಾವಣದೊಳಗೇ ಬ್ಯಾಕ್ಟೀರಿಯಾ ಬಿಟ್ಟು ಎಷ್ಟು ಉಳೀತು ಅಂತ ಎಣಿಸ್ತಾರೆ. ಸಾರ ತೆಗೆಯೋಕೆ ಆಲ್ಕೋಹಾಲ್ ಬಳಸಿದ್ರೆ ಬರೀ ಆಲ್ಕೋಹಾಲ್ ಹಾಕಿದ ಬಿಲ್ಲೆನೂ ಪಕ್ಕದಲ್ಲಿಡಬೇಕು, ಇಲ್ಲಾಂದ್ರೆ ಕೊಂದಿದ್ದು ತುಳಸಿಯೋ ಆಲ್ಕೋಹಾಲೋ ಹೆಂಗೆ ಹೇಳ್ತೀರಾ?

ಬಾಯಲ್ಲಿ ಕಥೆನೇ ಬೇರೆ. ಅಲ್ಲಿ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿರಲ್ಲ, ಹಲ್ಲಿಗೆ ಅಂಟಿಕೊಂಡ ಲೋಳೆ ಪದರದೊಳಗೆ ಕೂತಿರುತ್ತೆ, ಅದೇ ಪ್ಲಾಕ್. ಮುಕ್ಕಳಿಸೋದು ಅರ್ಧ ನಿಮಿಷ ಒಂದು ನಿಮಿಷ, ಆಮೇಲೆ ಎಂಜಲು ಎಲ್ಲಾನೂ ತೊಳ್ಕೊಂಡು ಹೋಗುತ್ತೆ. ಕ್ಲೋರ್‌ಹೆಕ್ಸಿಡಿನ್ ಗೆಲ್ಲೋದು ಇಲ್ಲೇ, ಅದು ಹಲ್ಲಿಗೆ, ಬಾಯಿ ಒಳಚರ್ಮಕ್ಕೆ ಅಂಟ್ಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತೆ.

ಹಂಗಾಗಿ ಮನುಷ್ಯರ ಬಾಯಲ್ಲೇ ಟೆಸ್ಟ್ ಆಗಬೇಕು. 1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹೆರಾಲ್ಡ್ ಲೋ ಅನ್ನೋ ವಿಜ್ಞಾನಿ ಮತ್ತು ಜೊತೆಗಾರರು 12 ಜನರಿಗೆ ಹಲ್ಲುಜ್ಜೋದು ನಿಲ್ಲಿಸಿ ನೋಡಿದ್ರು, 10ರಿಂದ 21 ದಿನದೊಳಗೆ ಎಲ್ಲರ ಒಸಡೂ ಊದ್ಕೊಳ್ತು, ಮತ್ತೆ ಉಜ್ಜೋಕೆ ಶುರು ಮಾಡಿದ್ಮೇಲೆ ಸರಿಹೋಯ್ತು. ಇವತ್ತಿಗೂ ಕೆಲವು ಮೌತ್‌ವಾಶ್ ಟೆಸ್ಟ್‌ಗೆ ಇದೇ ದಾರಿ ಬಳಸ್ತಾರೆ, ಉಳಿದವುಗಳಲ್ಲಿ ಬ್ರಷಿಂಗ್ ಮುಂದುವರಿಯುತ್ತೆ. ಒಂದು ಗುಂಪಿಗೆ ಗಿಡಮೂಲಿಕೆದು, ಇನ್ನೊಂದಕ್ಕೆ ಅದೇ ಬಣ್ಣ ಅದೇ ರುಚಿಯ ಔಷಧಿ ಇಲ್ಲದ ನೀರು, ಪ್ಲಾಕ್ ಅಳೆಯೋ ಡಾಕ್ಟ್ರಿಗೂ ಯಾರಿಗೆ ಯಾವುದು ಅಂತ ಗೊತ್ತಿರಬಾರದು. ಬೇವಿನ ಕಹಿಗೆ ಜೋಡಿ ನೀರು ಮಾಡೋದು ಸುಲಭ ಇಲ್ಲ ಅನ್ನಿ! ಇನ್ನೊಂದು, ಟೆಸ್ಟಲ್ಲಿದ್ದೀವಿ ಅಂತ ಗೊತ್ತಾದ್ರೆ ಜನ ಬ್ರಷ್‌ನೂ ಚೆನ್ನಾಗಿ ಮಾಡ್ತಾರೆ, ಅದಕ್ಕೇ 'ಬಳಸುವ ಮೊದಲು, ಬಳಸಿದ ಮೇಲೆ' ಅನ್ನೋ ಲೆಕ್ಕ ಮಾತ್ರ ತೋರಿಸಿದ್ರೆ ನಾನಂತೂ ಒಪ್ಪಲ್ಲ.

ಹಂಗಂತ ಗಿಡದ್ದೆಲ್ಲಾ ಸುಳ್ಳಲ್ಲ. ಥೈಮಾಲ್, ಯೂಕಲಿಪ್ಟಾಲ್, ಮೆಂಥಾಲ್ ಇರೋ ಎಸೆನ್ಶಿಯಲ್ ಆಯಿಲ್ (ಗಿಡಗಳಲ್ಲಿರೋ ಘಾಟು ಎಣ್ಣೆ) ಮೌತ್‌ವಾಶ್‌ಗಳು 6 ತಿಂಗಳ ಟ್ರಯಲ್‌ಗಳಲ್ಲೂ ಪ್ಲಾಕ್ ಕಮ್ಮಿ ಮಾಡಿವೆ. ಬೇವು, ತುಳಸಿ, ಗ್ರೀನ್ ಟೀ ಮೇಲೂ ಒಳ್ಳೆ ರಿಸಲ್ಟ್ ಬಂದಿದೆ, ಆದ್ರೆ ಹೆಚ್ಚಿನವು ಚಿಕ್ಕ ಗುಂಪು, ಕೆಲವೇ ವಾರದ ಟ್ರಯಲ್.

ಮನೇಲಿ ಕೀಟಾಣು ಎಣಿಸೋಕಾಗಲ್ಲ, ಪ್ಲಾಕ್ ನೋಡಬಹುದು. ಡಿಸ್‌ಕ್ಲೋಸಿಂಗ್ ಟ್ಯಾಬ್ಲೆಟ್ ಅಂತ ಸಿಗುತ್ತೆ, ಅಗಿದು ಉಗಿದು ನೀರಲ್ಲಿ ಮುಕ್ಕಳಿಸಿದ್ರೆ ಪ್ಲಾಕ್ ಇರೋ ಕಡೆ ಮಾತ್ರ ಕೆಂಪು ಉಳಿಯುತ್ತೆ, ಒಸಡಿನ ಅಂಚು, ಹಲ್ಲಿನ ಸಂದು ನೋಡಿ. ಒಂದೆರಡು ವಾರ ಬರೀ ನೀರು, ಆಮೇಲೆ ಅಷ್ಟೇ ದಿನ ಮೌತ್‌ವಾಶ್, ಬ್ರಷಿಂಗ್ ಎರಡೂ ಸಲ ಒಂದೇ ಥರ, ಫೋಟೋ ತೆಗೆದಿಟ್ಕೊಳ್ಳಿ. ರಕ್ತ ನಿಲ್ಲದಿದ್ರೆ ಡೆಂಟಿಸ್ಟ್ ಹತ್ರ ಹೋಗಿ, ಗಟ್ಟಿಯಾದ ಪಾಚಿಯನ್ನ ಯಾವ ಮೌತ್‌ವಾಶೂ ಕಿತ್ತು ಹಾಕಲ್ಲ.

ಪ್ರಶ್ನೆ: ಗಿಡಮೂಲಿಕೆದು ತಾನೇ, 5 ವರ್ಷದ ಮಗುಗೆ ಕೊಡಬಹುದಾ?

ಉತ್ತರ: ಬೇಡ. 6 ವರ್ಷದೊಳಗಿನ ಮಕ್ಕಳು ಉಗಿಯೋ ಬದಲು ನುಂಗಿಬಿಡ್ತಾರೆ, ಇಂಥದ್ರಲ್ಲಿ ಆಲ್ಕೋಹಾಲ್, ನೀಲಗಿರಿ ಎಣ್ಣೆ ಇರಬಹುದು.