ಮೂಟೆಗಳ ನಡುವೆ ಕೂರುವ ಹುಡುಗ

(ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದ ಐದು ಪುಟಗಳ ಪತ್ರದ ಸಾರ: "ಮಗನಿಗೆ ಐದೂವರೆ ವರ್ಷ, ಯುಕೆಜಿ. ಅಂಗಿಯ ಕತ್ತಿನ ಹಿಂದಿನ ಚೀಟಿ ಕತ್ತರಿಸಿ ಕೊಡದಿದ್ದರೆ ತೊಡುವುದೇ ಇಲ್ಲ. ಕುಕ್ಕರ್ ಒಲೆಗೇರಿತು ಅಂದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಾನೆ. ಮೊಸರನ್ನ, ಸಪ್ಪೆ ದೋಸೆ, ಬಿಸ್ಕತ್ತು ಬಿಟ್ಟರೆ ಬೇರೆ ಊಟವಿಲ್ಲ. ಕ್ಷೌರಕ್ಕೆ ಮೂವರು ಹಿಡಿಯಬೇಕು. ಆದರೆ ದಿನಕ್ಕೆ ನೂರು ಸಲ ದಿವಾನಾದಿಂದ ಧುಮುಕುತ್ತಾನೆ. ಟೀಚರ್ ಶಿಸ್ತಿಲ್ಲ ಅಂತಾರೆ, ಅತ್ತೆ ದೃಷ್ಟಿಯಾಗಿದೆ ಅಂತಾರೆ, ಇವರು ಬೆಳೆದ ಮೇಲೆ ಸರಿಹೋಗುತ್ತೆ ಅಂತಾರೆ. ನಗರದ ಒಂದು ಥೆರಪಿ ಸೆಂಟರಿನವರು ಇಪ್ಪತ್ತು ನಿಮಿಷ ನೋಡಿ 'ಎಸ್‌ಪಿಡಿ' ಎಂದು ಬರೆದುಕೊಟ್ಟು, ಆರು ತಿಂಗಳ ಪ್ಯಾಕೇಜಿಗೆ ಮುಂಗಡ ಕಟ್ಟಿ ಎನ್ನುತ್ತಿದ್ದಾರೆ. ನೆಂಟರು ಬಂದರೆ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ತೂರಿಕೊಂಡು ಕೂರುತ್ತಾನೆ. ಅತ್ತೆ ಆ ಕೋಣೆಗೆ ಬೀಗ ಹಾಕಿಸೋಣ ಅಂತಾರೆ. ಏನು ಮಾಡಲಿ?")

ಪ್ರಿಯ ಸೋದರಿ,

ಮೊದಲು ದುಡ್ಡಿನ ಮಾತು. ಈ ಉತ್ತರ ಅಚ್ಚಾಗಿ ನಿಮ್ಮ ಕೈಸೇರುವಷ್ಟರಲ್ಲಿ ನೀವು ಹಣ ಕಟ್ಟಿಬಿಟ್ಟಿದ್ದರೆ ಎಂಬ ಭಯಕ್ಕೆ ಆಗಲೇ ಒಂದು ಕಾರ್ಡು ಹಾಕಿದ್ದೇನೆ. ಅದರಲ್ಲಿ ಇದ್ದದ್ದು ಒಂದೇ ಮಾತು: ಕಟ್ಟಬೇಡಿ. ಆ ಸೆಂಟರಿನವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಇಪ್ಪತ್ತು ನಿಮಿಷದಲ್ಲಿ ಒಂದು ಮಗುವನ್ನು ಓದಲು ಯಾರಿಗೂ ಆಗುವುದಿಲ್ಲ, ಅಷ್ಟೇ. ಓದದೆ ಆರು ತಿಂಗಳ ಲೆಕ್ಕ ಹಾಕಿದವರು ಯಾವ ಲೆಕ್ಕ ಹಾಕಿರುತ್ತಾರೆ ಅಂತ ನಿಮಗೇ ಗೊತ್ತು.

ಎಸ್‌ಪಿಡಿ, ಅಂದರೆ ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್ ಎಂಬ ಮೂರಕ್ಷರ ನಿಮ್ಮ ನಿದ್ದೆ ಕೆಡಿಸಿದೆ. ಅದರ ಮೂಲ ಅಮೆರಿಕದ ಜೀನ್ ಏರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ 1970ರ ಆಸುಪಾಸಿನಲ್ಲಿ ಬೆಳೆಸಿದ ವಿಚಾರ. ಕಣ್ಣು, ಕಿವಿ, ಚರ್ಮ, ಕೀಲುಗಳಿಂದ ಬರುವ ಸುದ್ದಿಯನ್ನು ಮಿದುಳು ಸರಿಯಾಗಿ ಹೊಂದಿಸಿಕೊಳ್ಳದಿದ್ದರೆ ಮಗುವಿನ ನಡವಳಿಕೆ, ಕಲಿಕೆ ಎರಡೂ ಎಡವುತ್ತವೆ ಎಂದು ಆಕೆ ಹೇಳಿದರು. ಆದರೆ ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯ 2013ರ ಆವೃತ್ತಿಯಲ್ಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಇಲ್ಲ. ಸದ್ದು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದನ್ನು ಅಲ್ಲಿ ಆಟಿಸಂ (ಬೇರೆಯವರೊಡನೆ ಬೆರೆಯುವುದು, ಮಾತುಕತೆ ತೊಡಕಾಗುವ ಬೆಳವಣಿಗೆಯ ಸ್ಥಿತಿ) ಲಕ್ಷಣಗಳ ಪಟ್ಟಿಗೆ ಸೇರಿಸಿದ್ದಾರೆ. ಇದನ್ನೊಂದು ಕಾಯಿಲೆಯ ಹೆಸರಾಗಿ ಬಳಸಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2012ರಲ್ಲಿ ತನ್ನ ಸದಸ್ಯರಿಗೆ ಹೇಳಿತ್ತು. ಹಾಗಂತ ನಿಮ್ಮ ಮಗನ ಸಂಕಟ ಸುಳ್ಳಲ್ಲ. ಚೀಟಿ ಚುಚ್ಚುವುದು ನಿಜ, ಕುಕ್ಕರ್ ಅವನ ಕಿವಿಗೆ ಬಡಿಯುವುದೂ ನಿಜ. ಹೆಸರಿನ ಹಿಂದೆ ಓಡಬೇಡಿ, ಅವನನ್ನು ಕೂತು ನೋಡುವ ಮನುಷ್ಯರನ್ನು ಹುಡುಕಿ ಅಂತ ಮಾತ್ರ ನಾನು ಹೇಳುತ್ತಿರುವುದು.

ಸದ್ದಿಗೆ ಓಡಿಹೋಗುವವನು ಧುಮುಕುವುದಕ್ಕೆ ಮಾತ್ರ ಹೇಗೆ ಹೆದರುವುದಿಲ್ಲ ಎಂದು ಕೇಳಿದ್ದೀರಿ. ಶಾಲೆಯಲ್ಲಿ ಕಲಿತ ಪಂಚೇಂದ್ರಿಯಗಳ ಜೊತೆಗೆ ಇನ್ನೆರಡು ಇವೆ. ಒಂದು ಒಳಕಿವಿಯಲ್ಲಿ ಕೂತು ತಲೆ ಎತ್ತ ವಾಲಿತು, ಎಷ್ಟು ಜೋರಾಗಿ ತಿರುಗಿತು ಎಂದು ಹೇಳುತ್ತದೆ. ಇನ್ನೊಂದು ಸ್ನಾಯು, ಕೀಲುಗಳಲ್ಲಿದೆ. ಕತ್ತಲಲ್ಲೂ ಕೈ ಬಾಯಿಗೇ ಹೋಗುವುದು ಅದರಿಂದ. ಒಂದೇ ಮಗುವಿಗೆ ಕಿವಿಯ ದನಿ ಅತಿಯಾಗಿ, ಕೀಲಿನ ದನಿ ಪಿಸುಮಾತಿನಷ್ಟಾಗಿ ಕೇಳಬಹುದು. ಆಗ ಅದು ಸದ್ದಿನಿಂದ ಓಡುತ್ತದೆ, ಧುಮುಕಿ ಧುಮುಕಿ ಮೈಯ ಸುದ್ದಿ ತಿಳಿದುಕೊಳ್ಳುತ್ತದೆ. ಅತ್ತೆಯವರಿಗೂ ಇದನ್ನು ಹೀಗೇ ಹೇಳಿ ನೋಡಿ. ದೃಷ್ಟಿ ತೆಗೆದರೆ ತೆಗೆಯಲಿ ಬಿಡಿ, ಅದರಿಂದ ತೊಂದರೆಯಿಲ್ಲ. ಮೆಣಸಿನಕಾಯಿ ಘಾಟು ಮಾತ್ರ ಅವನ ಮೂಗಿಗೆ ಬೀಳದಿರಲಿ.

ಈಗ ಎಲ್ಲಿಗೆ ಹೋಗಬೇಕು ಎಂಬುದು. ಮೊದಲು ಮಕ್ಕಳ ವೈದ್ಯರು. ಮೊಸರನ್ನ ಬಿಸ್ಕತ್ತಿನಲ್ಲಿ ಬೆಳೆಯುತ್ತಿರುವ ಮಗುವಿನ ತೂಕ, ಹಿಮೋಗ್ಲೋಬಿನ್ ನೋಡಿಸಲೇಬೇಕು. ಕಿವಿಯೊಳಗೆ ಸೋಂಕಿದೆಯೇ, ಮಲಬದ್ಧತೆಯಿದೆಯೇ, ಗಟ್ಟಿ ತಿಂಡಿ ಅಗಿಯುವಾಗ ಉಬ್ಬಳಿಸುತ್ತಾನೆಯೇ ಎಂದು ಕೇಳಿಸಿ. ಅಗಿಯುವ, ನುಂಗುವ ತೊಡಕಿದ್ದರೆ ಅದನ್ನು ನೋಡುವವರು ಸ್ಪೀಚ್ ಥೆರಪಿಸ್ಟ್. ಇನ್ನೊಂದು ವಿಷಯ: ಐದು ಪುಟದ ಪತ್ರದಲ್ಲಿ ಅವನು ಬೇರೆ ಮಕ್ಕಳ ಜೊತೆ ಹೇಗೆ ಆಡುತ್ತಾನೆ, ಹೆಸರು ಕರೆದರೆ ತಿರುಗುತ್ತಾನೆಯೇ, ತನಗೆ ಬೇಕಾದದ್ದನ್ನು ಮಾತಿನಲ್ಲಿ ಕೇಳುತ್ತಾನೆಯೇ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ವೈದ್ಯರು ಮೊದಲು ಕೇಳುವುದು ಅದನ್ನೇ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಲ್ಲೂ ನೀವು ಬರೆದ ಲಕ್ಷಣಗಳು ಕಾಣುತ್ತವೆ. ಹೆದರಿ ಕೂರುವುದಕ್ಕಿಂತ ತೋರಿಸಿ ತಿಳಿದುಕೊಳ್ಳುವುದು ಮೇಲು.

ಮಕ್ಕಳ ಆರೋಗ್ಯ ತಪಾಸಣೆಗೆಂದೇ ಇರುವ ಕೇಂದ್ರ ಸರ್ಕಾರದ ಆರ್‌ಬಿಎಸ್‌ಕೆ ಯೋಜನೆ 2013ರಿಂದ ನಡೆಯುತ್ತಿದೆ, ಹುಟ್ಟಿದ ಕೂಸಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಅದರಡಿ ಜಿಲ್ಲಾ ಮಟ್ಟದಲ್ಲಿ ತೆರೆಯುವ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರವನ್ನು ಆಸ್ಪತ್ರೆಯವರು ಡಿಇಐಸಿ ಎಂದೇ ಕರೆಯುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ಹಾಗೇ ಕೇಳಿ. ಯೋಜನೆಯ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುತ್ತದೆ. ನಿಮ್ಮದು ಖಾಸಗಿ ಶಾಲೆಯಾದ್ದರಿಂದ ನೀವೇ ಕರೆದೊಯ್ಯಬೇಕಾದೀತು. ಅಲ್ಲಿ ಬೇಕಾದ ತಜ್ಞರು ಸಿಗದಿದ್ದರೆ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನೋಡಿ, ನಿಮಗೆ ಅದೇ ಹತ್ತಿರ. ಕಿವಿ, ಮಾತಿನ ಪೂರ್ಣ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಅದೇ ಕೆಲಸ ಮಾಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ. ಹೋಗುವಾಗ ಫೋನಿನಲ್ಲಿ ಮೂರು ಪುಟ್ಟ ವಿಡಿಯೊ ಇಟ್ಟುಕೊಳ್ಳಿ: ಊಟದ ಹೊತ್ತು, ಬಟ್ಟೆ ತೊಡುವ ಹೊತ್ತು, ಆಟ. ವೈದ್ಯರ ಮುಂದೆ ಮಕ್ಕಳು ಸಂತರಾಗಿಬಿಡುತ್ತಾರೆ.

ಇಂಥ ಮಕ್ಕಳ ದಿನಚರಿಯ ಜೊತೆ ಕೈಕೆಸರು ಮಾಡಿಕೊಳ್ಳುವವರು ಆಕ್ಯುಪೇಷನಲ್ ಥೆರಪಿಸ್ಟ್, ಬಾಯಿಮಾತಿನಲ್ಲಿ ಓಟಿ. ಉಣ್ಣುವುದು, ಉಡುವುದು, ಆಡುವುದು, ಬರೆಯುವುದು ಮಗುವಿನ ಉದ್ಯೋಗ ಎಂಬ ಅರ್ಥದಲ್ಲಿ ಆ ಹೆಸರು. ನನ್ನ ತಂಗಿಯ ಮಗನೂ ನಿಮ್ಮವನ ಹಾಗೇ ಇದ್ದ. ಒಂದು ಬೆಳಿಗ್ಗೆ ನಾನೇ ಅವನನ್ನು ಕರೆದುಕೊಂಡು ಹೋಗಿದ್ದೆ. ಆ ಹುಡುಗಿ (ನನಗೆ ಈಗ ಎಲ್ಲರೂ ಹುಡುಗಿಯರೇ) ಒಂದು ಬೇಸನ್ನಿನ ತುಂಬ ರಾಗಿ ಸುರಿದು ಐದು ಗೋಲಿ ಹುದುಗಿಸಿಟ್ಟಳು. ಇವನು ಒಂದು ಬೆರಳ ತುದಿ ತಾಗಿಸಿ ಚಡ್ಡಿಗೆ ಒರೆಸಿಕೊಂಡ. ಅವಳು ಕೈಹಿಡಿದು ಎಳೆಯಲಿಲ್ಲ, ಜಾಣ ಅನ್ನಲೂ ಇಲ್ಲ. ಒಂದು ಸೌಟು ಕೊಟ್ಟಳು. ಮೂರು ಗೋಲಿ ಸೌಟಿನಲ್ಲಿ ಬಂದವು. ನಾಲ್ಕನೆಯದು ಮೂಲೆಯಲ್ಲಿ ಜಾರಿ ಜಾರಿ ಹೋಗುತ್ತಿತ್ತು. ರೇಗಿ ಸೌಟು ಬಿಸಾಡಿ ಮೊಣಕೈ ತನಕ ಕೈ ಹಾಕಿದ! ಆಮೇಲೆ ರಾಗಿ ಹಿಟ್ಟು, ಅದಾದ ಮೇಲೆ ಕಲಸಿದ ಹಿಟ್ಟು. ಹಸಿ ಹಿಟ್ಟು ಮುಟ್ಟುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಮುದ್ದೆ ಇವತ್ತಿಗೂ ತಿನ್ನುವುದಿಲ್ಲ. ಅವರಪ್ಪನೂ ತಿನ್ನುವುದಿಲ್ಲ, ಅದು ಬೇರೆ ಮಾತು.

ಥೆರಪಿಯಿಂದ ಎಲ್ಲವೂ ಸರಿಹೋಗುತ್ತದೆ ಎಂದು ಯಾರಾದರೂ ಬರೆದುಕೊಟ್ಟರೆ ಎದ್ದು ಬನ್ನಿ. ಬ್ರಿಟನ್ನಿನಲ್ಲಿ 138 ಆಟಿಸಂ ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಬಗೆಯ ಥೆರಪಿ ಪಡೆದವರ ಸಿಡುಕು, ಹಠ ಮಾಮೂಲಿ ಆರೈಕೆ ಪಡೆದವರಿಗಿಂತ ಹೆಚ್ಚೇನೂ ತಗ್ಗಿರಲಿಲ್ಲ. ಅದಕ್ಕೇ ದೊಡ್ಡ ಆಸೆ ಬೇಡ, ಸಣ್ಣ ಗುರಿ ಇರಲಿ. "ಮೂರು ತಿಂಗಳಲ್ಲಿ ಯಾವ ಒಂದು ಕೆಲಸ ಸುಲಭವಾಗಬೇಕು?" ಎಂದು ನಿಮ್ಮನ್ನೇ ಕೇಳುವ ಓಟಿ ಸಿಕ್ಕರೆ ಬಿಡಬೇಡಿ. ಬಿಓಟಿ (ಆಕ್ಯುಪೇಷನಲ್ ಥೆರಪಿಯ) ಪದವಿ ಇದೆಯೇ, ನೀವು ಒಳಗೆ ಕೂತು ನೋಡಬಹುದೇ, ಮನೆಯಲ್ಲಿ ಏನು ಮಾಡಬೇಕೆಂದು ಹೇಳಿಕೊಡುತ್ತಾರೆಯೇ? ಇವನ್ನು ಕೇಳಲು ನಾಚಬೇಡಿ. ಬಾಗಿಲು ಮುಚ್ಚಿ ಮಾಡುವ ಥೆರಪಿ ನನಗಂತೂ ಬೇಡ.

ಅಲ್ಲಿಯವರೆಗೆ ಕುಕ್ಕರ್ ಇಡುವ ಮೊದಲು ಅವನಿಗೆ ಹೇಳಿ. ಹಿತ್ತಲಲ್ಲಿ ನಿಂತು ಕೂಗು ಎಣಿಸಿ, ಮೂರಾದೊಡನೆ "ಆಫ್" ಎಂದು ಕಿರುಚುವ ಅಧಿಕಾರ ಅವನದು, ಒಲೆ ಆರಿಸುವುದು ನೀವು. ಯಾವಾಗ ಬರುತ್ತದೋ ಗೊತ್ತಿಲ್ಲದ ಸದ್ದೇ ಹೆಚ್ಚು ಹಿಂಸೆ. ಕಿವಿಗೆ ಹಾಕುವ ಮಫ್ ದೀಪಾವಳಿಗೆ, ವಾಲಗದ ಮದುವೆಗೆ ಸಾಕು. ದಿನವಿಡೀ ಹಾಕಿದರೆ ಸಣ್ಣ ಸದ್ದೂ ದೊಡ್ಡದಾಗಿಬಿಡಬಹುದು. ಕ್ಷೌರ ಮನೆಯಲ್ಲೇ, ಕತ್ತರಿಯಲ್ಲಿ, ಮೆಷಿನ್ ಬೇಡ. ಮುಗಿದ ಕೂಡಲೇ ಸ್ನಾನ. ಹೊಸ ಪಲ್ಯ ತಟ್ಟೆಯ ಅಂಚಿನಲ್ಲಿ ಒಂದು ಚಿಟಿಕೆ ಇರಲಿ, ತಿನ್ನು ಅನ್ನಬೇಡಿ. ಟೀಚರಿಗೆ ಎಸ್‌ಪಿಡಿ ಚೀಟಿ ತೋರಿಸಬೇಡಿ, ಎರಡು ಬೇಡಿಕೆ ಮಾತ್ರ ಇಡಿ: ಗಂಟೆ ಬಾರಿಸುವ ಜಾಗದಿಂದ ದೂರದ ಬೆಂಚು, ಪೀರಿಯಡ್ಡಿನ ನಡುವೆ ನೋಟ್ ಪುಸ್ತಕದ ಕಟ್ಟು ಹೊತ್ತು ಆಫೀಸಿಗೆ ಕೊಡುವ ಕೆಲಸ. ಭಾರ ಹೊತ್ತರೆ ಧುಮುಕುವ ಹಸಿವು ಕೆಲವು ಮಕ್ಕಳಲ್ಲಿ ಒಂದಿಷ್ಟು ತಣಿಯಬಹುದು.

ಇನ್ನು ಉಗ್ರಾಣದ ಕೋಣೆ. ಎರಡೂ ಕಡೆಯಿಂದ ಮೈಯನ್ನು ಗಟ್ಟಿಯಾಗಿ ಅಮುಕುವ ಜಾಗವನ್ನು ಅವನೇ ಹುಡುಕಿಕೊಂಡಿದ್ದಾನೆ. ನಗರದಲ್ಲಿ ಇದಕ್ಕೆ ದುಡ್ಡು ಕೊಡಬೇಕು. ಬೀಗ ಹಾಕಿಸಬೇಡಿ. ಮೇಲಿನ ಸಾಲಿನ ಮೂಟೆಗಳನ್ನು ಇಳಿಸಿ ಉರುಳದ ಹಾಗೆ ಇಡಿಸಿ, ಬಾಗಿಲಿಗೆ ಒಳಚಿಲಕ ಇದ್ದರೆ ತೆಗೆಸಿ, ಇಲಿ ಪಾಷಾಣ ಇಟ್ಟಿದ್ದರೆ ಇವತ್ತೇ ಎತ್ತಿಬಿಡಿ.

- ಸಂಪಾದಕಿ